ಕೈಗಡಿಯಾರ ‘ಚೇತರಿಕೆ ಉತ್ತಮ’ ಎನ್ನುತ್ತದೆ, ಕಾಲು ಒಪ್ಪುತ್ತಿಲ್ಲ: ಆಟಗಾರರ ದಣಿವನ್ನು ಅಳೆಯುವುದು ಹೇಗೆ?

ಹಿಂಬದಿಗೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹದಿನಾಲ್ಕರಿಂದ ಹದಿನೇಳು ವಯಸ್ಸಿನ ಒಂದು ಸಣ್ಣ ಗುಂಪಿಗೆ ಬ್ಯಾಡ್ಮಿಂಟನ್ ಕಲಿಸುತ್ತೇನೆ. ಎಲ್ಲರೂ ಸಿಂಗಲ್ಸ್ ಆಡುವವರು, ವಾರಕ್ಕೆ ಆರು ದಿನ ಅಭ್ಯಾಸ. ಯಾರು ಎಷ್ಟು ಗಂಟೆ ಕೋರ್ಟಿನಲ್ಲಿದ್ದರು ಎಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ. ಅದಕ್ಕಿಂತ ಹೆಚ್ಚಿನ ಲೆಕ್ಕ ನನ್ನ ಬಳಿ ಇಲ್ಲ.

ಗುಂಪಿನಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಮನೆಯವರು ಅವಳಿಗೆ ಸ್ಮಾರ್ಟ್ ವಾಚ್ ಕೊಡಿಸಿದ್ದಾರೆ. ಪ್ರತಿದಿನ ಬೆಳಿಗ್ಗೆ ಅದು ಚೇತರಿಕೆಯ ಅಂಕ ತೋರಿಸುತ್ತದೆ, ಅವಳ ತಂದೆ ಅದರ ಚಿತ್ರ ತೆಗೆದು ನನಗೆ ಕಳಿಸುತ್ತಾರೆ. ಕೆಲವು ವಾರಗಳಿಂದ ಬಹುತೇಕ ದಿನ ಹಸಿರೇ. ಆದರೆ ಸಂಜೆ ಅಭ್ಯಾಸದ ದ್ವಿತೀಯಾರ್ಧಕ್ಕೆ ಬಂದಾಗ ನನಗೆ ಕಾಣುವುದು ಬೇರೆ. ಫೋರ್‌ಹ್ಯಾಂಡ್ ಕಡೆಯ ನೆಟ್ ಮೂಲೆಗೆ ಲಂಜ್ (ಒಂದು ಕಾಲನ್ನು ಉದ್ದಕ್ಕೆ ಮುಂದಿಟ್ಟು ಬಾಗುವ ಹೆಜ್ಜೆ) ಹಾಕಿದಾಗ ಅವಳ ಬಲಗಾಲು ತಡವಾಗಿ ಊರುತ್ತದೆ, ಮೊಣಕಾಲು ಒಳಕ್ಕೆ ವಾಲುತ್ತದೆ, ಹಿಂದಕ್ಕೆ ಬರುವಾಗ ಎಡಗೈಯನ್ನು ತೊಡೆಯ ಮೇಲಿಟ್ಟು ತಳ್ಳಿಕೊಂಡು ಏಳುತ್ತಾಳೆ. ಕೇಳಿದರೆ ‘ಏನೂ ಇಲ್ಲ ಸರ್’ ಎನ್ನುತ್ತಾಳೆ.

ಎರಡು ತಿಂಗಳಲ್ಲಿ ಟೂರ್ನಿ ಇದೆ. ನನ್ನ ಪ್ರಶ್ನೆಗಳು ಇಷ್ಟು: ಪ್ರಯೋಗಾಲಯವಿಲ್ಲದೆ, ಕೋರ್ಟಿನ ಬದಿಯಲ್ಲೇ ಮಾಡಬಹುದಾದ ಯಾವ ಅಳತೆಗಳು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ? ಎದೆಗೆ ಕಟ್ಟುವ ಹೃದಯ ಬಡಿತದ ಪಟ್ಟಿ ಬೇಕೇ? ರಕ್ತ ಪರೀಕ್ಷೆ ಮಾಡಿಸಿ ಎಂದು ಒಬ್ಬರು ಹೇಳಿದರು, ಅದು ಅಗತ್ಯವೇ? ಮತ್ತು ಅಂಕಿಗಳು ಬಂದ ಮೇಲೆ, ಯಾವಾಗ ಅಭ್ಯಾಸ ಕಡಿಮೆ ಮಾಡಬೇಕೆಂದು ತಿಳಿಯುವುದು ಹೇಗೆ?

---

ಮೂರನೇ ಗೇಮ್

ನಿಮ್ಮ ಕಣ್ಣನ್ನು ನಂಬಿ. ಗಡಿಯಾರವೂ ಸುಳ್ಳು ಹೇಳುತ್ತಿಲ್ಲ. ನೀವು ಕೇಳದ ಪ್ರಶ್ನೆಗೆ ಅದು ಉತ್ತರ ಕೊಡುತ್ತಿದೆ, ಅಷ್ಟೆ.

ನಾನು ರ‍್ಯಾಕೆಟ್ ಆಟಗಾರರ ದೇಹದಾರ್ಢ್ಯ ತರಬೇತಿ ನೋಡಿಕೊಳ್ಳುವವನು. ಇಂಥ ಹಸಿರು ಚಿತ್ರಗಳು ನನ್ನ ಫೋನಿಗೂ ಬರುತ್ತವೆ. ಆ ಅಂಕದ ಬಹುಪಾಲು ಎಚ್‌ಆರ್‌ವಿಯಿಂದ ಬರುತ್ತದೆ. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವಿನ ಅಂತರ ಎಷ್ಟು ಹೆಚ್ಚುಕಡಿಮೆಯಾಗುತ್ತದೆ ಎಂಬ ಲೆಕ್ಕ ಅದು. ಅದಕ್ಕೆ ವಿಶ್ರಾಂತಿಯ ನಾಡಿಬಡಿತ ಮತ್ತು ನಿದ್ರೆಯನ್ನು ಸೇರಿಸಿ ಕಂಪನಿಯವರು ಒಂದು ಬಣ್ಣ ಹಚ್ಚುತ್ತಾರೆ. ಅದು ಹೇಳುವುದು ಸ್ವಾಯತ್ತ ನರಮಂಡಲದ, ಅಂದರೆ ನಮ್ಮ ಇಚ್ಛೆಯಿಲ್ಲದೆಯೇ ಹೃದಯ ಬಡಿತದಂಥದ್ದನ್ನು ನಡೆಸುವ ನರಗಳ, ಸ್ಥಿತಿಯನ್ನು. ಕಠಿಣ ಅಭ್ಯಾಸದ ನಂತರ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಅದು ಮೊದಲಿನ ಮಟ್ಟಕ್ಕೆ ಬಂದುಬಿಡುತ್ತದೆ. ತೊಡೆಯ ಸ್ನಾಯು ಮತ್ತು ಮೊಣಕಾಲಿನ ಸ್ನಾಯುರಜ್ಜುವಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಪಟ್ಟಿ) ಕಥೆ ಹಾಗಲ್ಲ. ಲಂಜ್‌ನಲ್ಲಿ ಮುಂದಿನ ಕಾಲು ಮಾಡುವ ಕೆಲಸ ಬ್ರೇಕ್ ಹಾಕುವುದು. ದೇಹದ ತೂಕದ ಎರಡು ಪಟ್ಟನ್ನು ಮೀರಿದ ಬಲವನ್ನು, ಸ್ನಾಯು ಉದ್ದವಾಗುತ್ತಿರುವಾಗಲೇ ತಡೆಯಬೇಕು. ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟು ಬೀಳುವುದು ಇಂಥ ಕೆಲಸದಲ್ಲೇ. ನೋವು ಶಿಖರ ಮುಟ್ಟುವುದು 24ರಿಂದ 72 ಗಂಟೆಗಳ ನಡುವೆ, ಬಲ ಪೂರ್ತಿ ಮರಳಲು ಇನ್ನೂ ಹೆಚ್ಚು ದಿನ ಬೇಕಾಗಬಹುದು. ಎಚ್‌ಆರ್‌ವಿಯಿಂದ ಕಾಲಿನ ಸ್ಥಿತಿ ತಿಳಿಯಲು ಹೊರಡುವುದು ಅಳತೆಪಟ್ಟಿ ಹಿಡಿದು ಜ್ವರ ನೋಡಿದ ಹಾಗೆ.

ಇನ್ನೊಂದು ವಿಚಿತ್ರವೂ ಇದೆ. ಅಭ್ಯಾಸದ ಹೊರೆ ಅತಿಯಾದ ಕೆಲವು ಸಹಿಷ್ಣುತಾ ಆಟಗಾರರಲ್ಲಿ (ದೀರ್ಘಕಾಲ ದಮ್ಮು ಬೇಡುವ ಆಟಗಳವರಲ್ಲಿ) ಎಚ್‌ಆರ್‌ವಿ ಕುಸಿಯುವ ಬದಲು ಏರಿದ್ದೂ ಕಂಡುಬಂದಿದೆ. ಆದ್ದರಿಂದ ಹಸಿರು ಎಂದರೆ ಸದಾ ಒಳ್ಳೆಯದು ಎಂದುಕೊಳ್ಳಬೇಡಿ. ಗಡಿಯಾರವನ್ನು ಬಿಸಾಡಿ ಎಂದು ಹೇಳುತ್ತಿಲ್ಲ. ಒಂದು ದಿನದ ಅಂಕ ಬಿಟ್ಟು ಏಳು ದಿನದ ಸರಾಸರಿ ನೋಡಿದರೆ ಜ್ವರ ಬರುವ ಮುನ್ಸೂಚನೆ, ನಿದ್ರೆಗೆಟ್ಟ ವಾರ, ಮನಸ್ಸಿನ ಒತ್ತಡ ಇವೆಲ್ಲ ಅದರಲ್ಲಿ ಚೆನ್ನಾಗಿಯೇ ಕಾಣುತ್ತವೆ.

ಎದೆಪಟ್ಟಿ ಬೇಕೇ ಎಂದು ಕೇಳಿದಿರಿ. ಬ್ಯಾಡ್ಮಿಂಟನ್ ರ‍್ಯಾಲಿ ಸರಾಸರಿ ಹತ್ತು ಸೆಕೆಂಡಿನ ಆಸುಪಾಸಿನದು, ನಂತರದ ಬಿಡುವು ಅದರ ಸುಮಾರು ಎರಡು ಪಟ್ಟು. ಹೃದಯ ಏರಿಕೆಯನ್ನು ಹಿಡಿಯುವಷ್ಟರಲ್ಲಿ ರ‍್ಯಾಲಿ ಮುಗಿದಿರುತ್ತದೆ, ಇಳಿಯುವಷ್ಟರಲ್ಲಿ ಮುಂದಿನ ಸರ್ವ್ ಬಂದಿರುತ್ತದೆ. ಹಾಗಾಗಿ ಸೆಷನ್ನಿನ ಸರಾಸರಿ ಬಡಿತ ಉಸಿರಿನ ಕಷ್ಟವನ್ನು ಸ್ಥೂಲವಾಗಿ ಹೇಳುತ್ತದೆ. ಆಳದ ಲಂಜ್‌ಗಳೆಷ್ಟು, ಜಂಪ್ ಸ್ಮ್ಯಾಶ್‌ಗಳೆಷ್ಟು ಎಂಬುದರ ಸುಳಿವು ಅದರಲ್ಲಿಲ್ಲ. ಸ್ಕ್ವಾಷ್ ಆಗಿದ್ದರೆ ಪಟ್ಟಿ ಕಟ್ಟಿಸಿ ಎನ್ನುತ್ತಿದ್ದೆ, ಅಲ್ಲಿ ರ‍್ಯಾಲಿ ಉದ್ದ, ಬಿಡುವು ಕಡಿಮೆ, ಬಡಿತ ಮೇಲೆಯೇ ನಿಂತಿರುತ್ತದೆ. ಟೇಬಲ್ ಟೆನಿಸ್‌ಗೆ ಅದರ ಉಪಯೋಗ ಇನ್ನೂ ಕಡಿಮೆ. ಮಣಿಕಟ್ಟಿನ ಗಡಿಯಾರದ ಬೆಳಕಿನ ಸೆನ್ಸರ್ ಆಟದ ನಡುವೆ ತಪ್ಪು ಓದುವುದು ಸಾಮಾನ್ಯ. ರ‍್ಯಾಕೆಟ್ ಹಿಡಿದ ಕೈಗೆ ಕಟ್ಟಿದ್ದರಂತೂ ಆ ಅಂಕಿಯನ್ನು ನೋಡಲೇಬೇಡಿ.

ರಕ್ತ ಪರೀಕ್ಷೆ ಬೇಡ. ಸ್ನಾಯುಗಳಿಂದ ರಕ್ತಕ್ಕೆ ಸೋರುವ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವದ ಪ್ರಮಾಣ ಒಬ್ಬರಿಂದ ಇನ್ನೊಬ್ಬರಿಗೆ ವಿಪರೀತ ಬದಲಾಗುತ್ತದೆ. ಒಮ್ಮೆ ತೆಗೆದ ಅಂಕಿಯಿಂದ ನಾಳೆಯ ಅಭ್ಯಾಸವನ್ನು ಬದಲಿಸಲು ಏನೂ ಸಿಗುವುದಿಲ್ಲ. ಮೈತುಂಬ ಆಲಸ್ಯ, ಉಸಿರು ಬೇಗ ಸೋಲುವುದು ಇಂಥದ್ದಿದ್ದರೆ ಕಬ್ಬಿಣಾಂಶ ನೋಡಿಸಬೇಕು, ಅದು ವೈದ್ಯರು ಹೇಳಬೇಕಾದ ಮಾತು.

ಈಗ ಮಾಡಬೇಕಾದ್ದಕ್ಕೆ ಬರುತ್ತೇನೆ. ಅಮೆರಿಕದ ಕ್ರೀಡಾ ವಿಜ್ಞಾನಿ ಕಾರ್ಲ್ ಫೋಸ್ಟರ್ 1990ರ ದಶಕದಲ್ಲಿ ರೂಪಿಸಿದ ವಿಧಾನ ಇವತ್ತಿಗೂ ಕೋರ್ಟಿನ ಬದಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಅಭ್ಯಾಸ ಮುಗಿದು ಸುಮಾರು ಅರ್ಧ ಗಂಟೆಯ ನಂತರ ಒಂದೇ ಪ್ರಶ್ನೆ: ‘ಇವತ್ತಿನ ಅಭ್ಯಾಸ ಒಟ್ಟಾರೆ ಎಷ್ಟು ಕಷ್ಟವಿತ್ತು?’ ಉತ್ತರ ಸೊನ್ನೆಯಿಂದ ಹತ್ತರೊಳಗೆ. ಈ ಹತ್ತರ ಮಾಪಕದ ಮೂಲ ಸ್ವೀಡನ್ನಿನ ಗುನ್ನಾರ್ ಬೋರ್ಗ್ ಅವರದು. ಆ ಅಂಕವನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಿ. 90 ನಿಮಿಷ, ಅಂಕ 6 ಎಂದರೆ ಹೊರೆ 540. ಅರ್ಧ ಗಂಟೆ ಏಕೆಂದರೆ, ಕೊನೆಯಲ್ಲಿ ಹತ್ತು ನಿಮಿಷ ಸ್ಪ್ರಿಂಟ್ ಹಾಕಿಸಿ ಕೂಡಲೇ ಕೇಳಿದರೆ ಅವರು ಆ ಹತ್ತು ನಿಮಿಷಕ್ಕೆ ಅಂಕ ಕೊಡುತ್ತಾರೆ, ಇಡೀ ಸಂಜೆಗಲ್ಲ.

ನಿಮ್ಮ ಪುಸ್ತಕದ ಗಂಟೆಗಳ ಲೆಕ್ಕ ಇಲ್ಲಿ ಅರ್ಧ ಕೆಲಸ ಮುಗಿಸಿದೆ. ಉಳಿದರ್ಧ ಎಷ್ಟು ಮುಖ್ಯವೆಂಬುದಕ್ಕೆ ಎರಡು ವಾರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಮೊದಲ ವಾರದಲ್ಲಿ ಆರು ದಿನವೂ 90 ನಿಮಿಷ, ಆರು ದಿನವೂ ಅಂಕ 6, ಏಳನೆಯ ದಿನ ರಜೆ. ವಾರದ ಒಟ್ಟು ಹೊರೆ 3,240. ಎರಡನೇ ವಾರದಲ್ಲಿ 120 ನಿಮಿಷಕ್ಕೆ 7, 60ಕ್ಕೆ 3, 100ಕ್ಕೆ 7, 60ಕ್ಕೆ 4, 110ಕ್ಕೆ 8, 80ಕ್ಕೆ 5, ಕೊನೆಗೆ ರಜೆ. ಕೂಡಿ ನೋಡಿ, ಒಟ್ಟು ಅದೇ 3,240.

ಈಗ ಫೋಸ್ಟರ್ ‘ಏಕತಾನತೆ’ ಎಂದು ಕರೆದದ್ದನ್ನು ತೆಗೆಯಿರಿ: ದಿನದ ಸರಾಸರಿ ಹೊರೆಯನ್ನು ಆ ಏಳು ದಿನಗಳ ಮಾನಕ ವಿಚಲನೆಯಿಂದ (ದಿನದ ಹೊರೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಭಾಗಿಸುವುದು. ಸ್ಪ್ರೆಡ್‌ಶೀಟ್ ಒಂದು ಕ್ಷಣದಲ್ಲಿ ಮಾಡುತ್ತದೆ. ರಜೆಯ ದಿನದ ಸೊನ್ನೆಯನ್ನು ಮಾತ್ರ ಬಿಡಬೇಡಿ. ಮೊದಲ ವಾರಕ್ಕೆ 2.27 ಬರುತ್ತದೆ, ಎರಡನೆಯದಕ್ಕೆ 1.34. ವಾರದ ಒಟ್ಟು ಹೊರೆಯನ್ನು ಏಕತಾನತೆಯಿಂದ ಗುಣಿಸಿದರೆ ಒತ್ತಡದ ಅಂಕ: ಮೊದಲನೆಯದು ಸುಮಾರು 7,350, ಎರಡನೆಯದು ಸುಮಾರು 4,330. ಏಕತಾನತೆ 2 ದಾಟಿದ ವಾರವನ್ನು ನಾನು ಕೆಂಪು ಪೆನ್ನಿನಿಂದ ಗುರುತು ಹಾಕುತ್ತೇನೆ. ಎರಡೂ ವಾರ ಗಂಟೆಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ, 540 ನಿಮಿಷ ಮತ್ತು 530. ನಿಮ್ಮ ಪುಸ್ತಕಕ್ಕೆ ಇವೆರಡರ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆಟಗಾರರ ಕಾಲಿಗೆ ಗೊತ್ತಾಗುತ್ತದೆ. ನನ್ನ ಅನುಭವದಲ್ಲಿ ಕಿರಿಯರ ಬ್ಯಾಚ್‌ಗಳನ್ನು ಕೆಡಿಸುವುದು ಅತಿ ಕಠಿಣ ದಿನಗಳಲ್ಲ, ಹಗುರವೂ ಅಲ್ಲದ ಕಠಿಣವೂ ಅಲ್ಲದ, ದಿನವೂ ಒಂದೇ ತೆರನಾದ ದಿನಗಳು.

ಎರಡನೆಯ ಅಳತೆ ಜಿಗಿತ. ಒಂದೇ ಬಗೆಯ ವಾರ್ಮ್‌ಅಪ್ ನಂತರ, ಸೊಂಟದ ಮೇಲೆ ಕೈ ಇಟ್ಟು ಮೂರು ಜಿಗಿತ, ಮೂರರ ಸರಾಸರಿ. ವಾರಕ್ಕೆರಡು ಸಲ ಸಾಕು. ಫೋನಿನ ನಿಧಾನ ಚಲನೆಯ ವಿಡಿಯೊದಲ್ಲಿ ಕಾಲು ನೆಲ ಬಿಟ್ಟ ಚಿತ್ರ ಮತ್ತು ಮತ್ತೆ ನೆಲ ಮುಟ್ಟಿದ ಚಿತ್ರ ಗುರುತಿಸಿ, ನಡುವಿನ ಸಮಯ ತೆಗೆಯಿರಿ. ಅದರ ವರ್ಗವನ್ನು 9.81ರಿಂದ ಗುಣಿಸಿ 8ರಿಂದ ಭಾಗಿಸಿದರೆ ಎತ್ತರ ಮೀಟರಿನಲ್ಲಿ ಬರುತ್ತದೆ. ಗಾಳಿಯಲ್ಲಿ ಅರ್ಧ ಸೆಕೆಂಡ್ ಎಂದರೆ ಸುಮಾರು 30.7 ಸೆಂಟಿಮೀಟರ್. ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನಿನಲ್ಲಿ ಒಂದೇ ಒಂದು ಚಿತ್ರ ಹಿಂದೆಮುಂದೆ ಆದರೂ ಅರ್ಧ ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. ಆದ್ದರಿಂದ ‘ನಿನ್ನೆಗಿಂತ ಅರ್ಧ ಸೆಂಟಿಮೀಟರ್ ಕಡಿಮೆ’ ಎಂದು ಗಾಬರಿಯಾಗಬೇಡಿ. ಇನ್ನೊಂದು: ಮಂಡಿ ಮಡಚಿಕೊಂಡು ಇಳಿಯುವವರ ಸಮಯ ಸುಳ್ಳಾಗಿ ಹೆಚ್ಚುತ್ತದೆ. ಹುಡುಗರು ಇದನ್ನು ಬೇಗ ಕಂಡುಹಿಡಿಯುತ್ತಾರೆ, ಎಚ್ಚರ.

ಮೂರನೆಯದು ಬೆಳಗಿನ ನಾಲ್ಕು ಪ್ರಶ್ನೆಗಳು: ನಿದ್ರೆ, ದಣಿವು, ಸ್ನಾಯು ನೋವು, ಮನಸ್ಸಿನ ಒತ್ತಡ. ಒಂದರಿಂದ ಏಳರವರೆಗೆ ಅಂಕ. ಹೂಪರ್ ಮತ್ತು ಮೆಕಿನನ್ ಎಂಬ ಸಂಶೋಧಕರು 1995ರಲ್ಲೇ ಇದನ್ನು ಮುಂದಿಟ್ಟರು. ಯಂತ್ರಗಳ ಅಳತೆಗೂ ಆಟಗಾರರ ಸ್ವಂತ ಮಾತಿಗೂ ಹೋಲಿಕೆ ಮಾಡಿದ 2016ರ ಒಂದು ವ್ಯಾಪಕ ಪರಾಮರ್ಶೆಯಲ್ಲಿ, ತರಬೇತಿ ಹೊರೆಯ ಬದಲಾವಣೆಯನ್ನು ಸ್ವಂತ ಮಾತೇ ಹೆಚ್ಚು ಸೂಕ್ಷ್ಮವಾಗಿ ಹಿಡಿಯಿತು ಎಂಬ ತೀರ್ಮಾನ ಬಂದಿತ್ತು. ಯಂತ್ರ ಮಾರುವವರು ಇದನ್ನು ಪೋಸ್ಟರಿನಲ್ಲಿ ಹಾಕುವುದಿಲ್ಲ.

ಯಾವಾಗ ಕಡಿಮೆ ಮಾಡಬೇಕು? ಪ್ರತಿಯೊಬ್ಬರನ್ನೂ ಅವರ ಹಿಂದಿನ ಮೂರು ನಾಲ್ಕು ವಾರಗಳ ಜೊತೆ ಮಾತ್ರ ಹೋಲಿಸಿ, ಪಕ್ಕದವರ ಜೊತೆ ಬೇಡ. ಒಂದು ಅಳತೆ ಒಂದು ದಿನ ಕೆಟ್ಟರೆ ಸುಮ್ಮನಿರಿ. ಎರಡು ಅಳತೆಗಳು ಒಂದೇ ದಿಕ್ಕಿಗೆ ವಾಲಿದರೆ, ಅಥವಾ ಒಂದೇ ಅಳತೆ ಸತತವಾಗಿ ಕೆಟ್ಟರೆ, ಆ ದಿನದ ಲಂಜ್ ಮತ್ತು ಜಿಗಿತಗಳನ್ನು ಕಡಿತ ಮಾಡಿ. ಅಭ್ಯಾಸಕ್ಕೆ ಬರುವುದನ್ನೇ ನಿಲ್ಲಿಸಬೇಕಿಲ್ಲ. ಸರ್ವ್, ರಿಸೀವ್, ನೆಟ್ ಬಳಿಯ ಕೈಚಳಕದ ಕೆಲಸ ಸಾಕಷ್ಟು ಉಳಿದಿರುತ್ತದೆ.

---

ಎರಡನೇ ಸರ್ವ್

ಟೆನಿಸ್ ಆಟಗಾರರ ಜೊತೆ ಕೆಲಸ ಮಾಡುವ ಫಿಸಿಯೋ ನಾನು. ಮೇಲಿನವರ ಮಾತಿಗೆ ಸೇರಿಸಬೇಕಾದ್ದು ಭುಜ.

ಟೆನಿಸ್‌ನಲ್ಲಿ ಗಂಟೆಗಳಿಗಿಂತ ಸರ್ವ್‌ಗಳ ಎಣಿಕೆ ಮುಖ್ಯ. ಎರಡು ಗಂಟೆಯ ರ‍್ಯಾಲಿ ಅಭ್ಯಾಸಕ್ಕೂ ಒಂದು ಗಂಟೆಯ ಸರ್ವ್ ಅಭ್ಯಾಸಕ್ಕೂ ಭುಜ ಕೊಡುವ ಉತ್ತರ ಬೇರೆ ಬೇರೆ, ಆರ್‌ಪಿಇ (ಮೇಲೆ ಹೇಳಿದ ಕಷ್ಟದ ಅಂಕ) ಎರಡಕ್ಕೂ ಒಂದೇ ಬಂದರೂ. ಕೈ ಬೀಸುವ ಆಟಗಾರರಲ್ಲಿ ಭುಜದ ಹೊರತಿರುವು (ತೋಳು ಹೊರಕ್ಕೆ ತಿರುಗುವ ಮಟ್ಟ) ಹೆಚ್ಚಿ ಒಳತಿರುವು (ಒಳಕ್ಕೆ ತಿರುಗುವ ಮಟ್ಟ) ಕಡಿಮೆಯಾಗುವುದು ಸಹಜ ಹೊಂದಾಣಿಕೆ. ಒಳತಿರುವು ಕಡಿಮೆಯಾಗಿದೆ ಎಂಬುದೊಂದಕ್ಕೇ ಹೆದರಬೇಕಿಲ್ಲ. ಅಂಗಾತ ಮಲಗಿಸಿ, ತೋಳನ್ನು ಭುಜದ ಮಟ್ಟಕ್ಕೆ ಚಾಚಿಸಿ, ಹೆಗಲಮೂಳೆ ಏಳದಂತೆ ಒಂದು ಕೈಯಿಂದ ಒತ್ತಿ ಹಿಡಿದು ಎರಡೂ ತಿರುವುಗಳನ್ನು ಅಳೆದು ಕೂಡಿಸಿ. ಎರಡು ಭುಜಗಳ ಮೊತ್ತದಲ್ಲಿ 5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ನಾನು ಎಚ್ಚರವಾಗುತ್ತೇನೆ. ಈ ಗಡಿ ಬೇಸ್‌ಬಾಲ್ ಪಿಚರ್‌ಗಳಿಂದ ಬಂದದ್ದು, ಹಾಗಾಗಿ ಅದನ್ನು ಕಾನೂನಿನಂತೆ ಹಿಡಿದುಕೊಳ್ಳುವುದಿಲ್ಲ. ಅದೇ ಆಟಗಾರರ ಕಳೆದ ತಿಂಗಳ ಅಳತೆಯೇ ನನಗೆ ಹೆಚ್ಚು. ಅಳೆಯುವ ಹೊತ್ತು ಯಾವಾಗಲೂ ಒಂದೇ ಇರಲಿ, ದೀರ್ಘ ಪಂದ್ಯದ ನಂತರ ಒಳತಿರುವು ತಾತ್ಕಾಲಿಕವಾಗಿ ಇನ್ನಷ್ಟು ಇಳಿಯುತ್ತದೆ.

ಚೇತರಿಕೆಗೆ ಸಮಯ ಸಿಗದಿದ್ದರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು 2010ರ ವಿಂಬಲ್ಡನ್ ನೆನಪಿಸುತ್ತೇನೆ. ಇಸ್ನರ್ ಮತ್ತು ಮಾಹು ಮೂರು ದಿನಗಳಲ್ಲಿ ಒಟ್ಟು 11 ಗಂಟೆ 5 ನಿಮಿಷ ಆಡಿದರು, ಕೊನೆಯ ಸೆಟ್ 70–68. ಗೆದ್ದ ಇಸ್ನರ್ ಮರುದಿನ ಕೋರ್ಟಿಗಿಳಿದು 6–0, 6–3, 6–2ರಲ್ಲಿ ಸೋತರು, ಒಂದೂಕಾಲು ಗಂಟೆಯೊಳಗೆ.

ಬಹಳ ಆಟಗಾರರು ಕೇಳುವ ತಣ್ಣೀರು ಸ್ನಾನದ ಬಗ್ಗೆ ಒಂದು ಮಾತು. 10ರಿಂದ 15 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕೂರುವುದರಿಂದ ನೋವಿನ ಅನುಭವ ಇಳಿಯುತ್ತದೆ. ಬೆನ್ನುಬೆನ್ನಿಗೆ ಪಂದ್ಯಗಳಿರುವಾಗ ಸರಿ. ಬಲ ಹೆಚ್ಚಿಸುವ ತಿಂಗಳುಗಳಲ್ಲಿ ಪ್ರತಿ ಭಾರ ತರಬೇತಿಯ ನಂತರ ಹೀಗೆ ಮಾಡಿದರೆ ಸ್ನಾಯು ಬೆಳವಣಿಗೆಯೇ ಕುಂಠಿತವಾಗುತ್ತದೆ. ಹದಿನಾರರವರಿಗೆ ಅದಕ್ಕಿಂತ ಮೊದಲು ಬೇಕಾದದ್ದು ನಿದ್ರೆ, ಈ ವಯಸ್ಸಿಗೆ 8ರಿಂದ 10 ಗಂಟೆ.

---

ಛೇದ

ಇನ್ನೇನು ಯಾರಾದರೂ ಬಂದು ‘ಈ ವಾರದ ಹೊರೆಯನ್ನು ಕಳೆದ ನಾಲ್ಕು ವಾರಗಳ ಸರಾಸರಿಯಿಂದ ಭಾಗಿಸಿ, 0.8ರಿಂದ 1.3ರೊಳಗಿದ್ದರೆ ಕ್ಷೇಮ, 1.5 ದಾಟಿದರೆ ಅಪಾಯ’ ಎನ್ನುತ್ತಾರೆ. ಅದಕ್ಕೆ ಮೊದಲೇ ಬರೆಯುತ್ತಿದ್ದೇನೆ.

ಈ ಅನುಪಾತ 2016ರ ಸುಮಾರಿಗೆ ಕ್ರೀಡಾ ವಿಜ್ಞಾನಿ ಟಿಮ್ ಗ್ಯಾಬೆಟ್ ಅವರ ಬರಹಗಳಿಂದ ಎಲ್ಲೆಡೆ ಹಬ್ಬಿತು. ಹೊರೆಯನ್ನು ಏಕಾಏಕಿ ಏರಿಸಬೇಡಿ ಎಂಬ ಮೂಲ ಮಾತಿಗೆ ನನ್ನ ತಕರಾರಿಲ್ಲ. ತಕರಾರು ಭಾಗಾಕಾರದ ಮೇಲೆ. ಈ ವಾರದ ಹೊರೆ ಮೇಲೂ ಇದೆ, ಛೇದದಲ್ಲಿರುವ ನಾಲ್ಕು ವಾರಗಳ ಒಳಗೂ ಇದೆ. ಹಾಗಾಗಿ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಮೂರು ವಾರ ಮಲಗಿದ್ದ ಆಟಗಾರ ನಾಲ್ಕನೇ ವಾರ ಹತ್ತು ನಿಮಿಷ ಆಡಿದರೂ ಅನುಪಾತ 4, ದಿನಕ್ಕೆ ನಾಲ್ಕು ಗಂಟೆ ಆಡಿದರೂ 4. ಅದಕ್ಕಿಂತ ಮೇಲೆ ಅದು ಹೋಗುವುದೇ ಇಲ್ಲ. ಗಾಯದಿಂದ ಮರಳುವವರ ವಿಷಯದಲ್ಲೇ ನಮಗೆ ಲೆಕ್ಕ ಹೆಚ್ಚು ಬೇಕಾಗುವುದು, ಅಲ್ಲಿಯೇ ಇದು ಕೈಕೊಡುತ್ತದೆ. ಇಂಪೆಲ್ಲಿಝೆರಿ ಮೊದಲಾದ ಸಂಶೋಧಕರು ಇದನ್ನು ಸಾಕಷ್ಟು ಕಟುವಾಗಿಯೇ ಟೀಕಿಸಿದ್ದಾರೆ.

ಜಿಗಿತದ ಅಂಕಿಗೆ ಒಂದು ಸಲಹೆ. ಆಟಗಾರರು ಚೆನ್ನಾಗಿ ವಿಶ್ರಾಂತಿ ಪಡೆದಿದ್ದಾಗ ನಾಲ್ಕೈದು ದಿನ ಬೇರೆ ಬೇರೆಯಾಗಿ ಅಳೆದು, ಅವರ ಅಂಕಿ ತಾನಾಗಿಯೇ ಎಷ್ಟು ಓಲಾಡುತ್ತದೆ ಎಂದು ಮೊದಲು ತಿಳಿಯಿರಿ. ಆ ಓಲಾಟದೊಳಗಿನ ಇಳಿಕೆಗೆ ಅರ್ಥವಿಲ್ಲ.

ಮೂರನೇ ಗೇಮ್ ಅವರಿಗೆ: ಏಕತಾನತೆಯ ಲೆಕ್ಕವೂ ಭಾಗಾಕಾರವೇ. ಏಳು ದಿನವೂ ಒಂದೇ ಹೊರೆಯಾದರೆ ಮಾನಕ ವಿಚಲನೆ ಸೊನ್ನೆ, ಆಗ ನಿಮ್ಮ ಸ್ಪ್ರೆಡ್‌ಶೀಟ್ ದೋಷ ತೋರಿಸುತ್ತದೆ.

---

ಮೂರನೇ ಗೇಮ್

ತೋರಿಸಲಿ. ಏಳು ದಿನವೂ ಒಂದೇ ಹೊರೆ ಹಾಕಿಸುವ ತರಬೇತುದಾರರಿಗೆ ಸ್ಪ್ರೆಡ್‌ಶೀಟ್ ದೋಷ ತೋರಿಸುವುದು ನ್ಯಾಯವೇ ಆಗಿದೆ.

ಅನುಪಾತದ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ನಾನು ಹೋದ ವಾರಕ್ಕೂ ಈ ವಾರಕ್ಕೂ ನಡುವಿನ ವ್ಯತ್ಯಾಸವನ್ನಷ್ಟೇ ನೋಡುತ್ತೇನೆ.

---

ನೆಟ್‌ಕಾರ್ಡ್

ನಾನು ಜೂನಿಯರ್ ಮಟ್ಟದಲ್ಲಿ ಆಡಿದವಳು, ಈಗ ಮಗಳು ಆಡುತ್ತಾಳೆ. ಮೇಲೆ ಎಲ್ಲರೂ ಹೇಗೆ ಅಳೆಯಬೇಕೆಂದು ಹೇಳಿದಿರಿ. ಆ ಹುಡುಗಿ ‘ಏನೂ ಇಲ್ಲ ಸರ್’ ಎಂದದ್ದನ್ನು ಯಾರೂ ಎತ್ತಿಕೊಳ್ಳಲಿಲ್ಲ.

ತಂಡ ಆಯ್ಕೆ ಮಾಡುವ ವ್ಯಕ್ತಿಯೇ ಎದುರು ನಿಂತು ‘ದಣಿದಿದ್ದೀಯಾ?’ ಎಂದು ಕೇಳಿದರೆ ಹದಿನಾರರ ಹುಡುಗಿ ಏನು ಹೇಳಬೇಕು? ಅಂಕವನ್ನು ಎಲ್ಲರೆದುರು ಬಾಯಲ್ಲಿ ಹೇಳಿಸಿದರಂತೂ ಮುಗಿಯಿತು. ಮೊದಲಿನವಳು ಐದು ಎಂದರೆ ಉಳಿದವರೆಲ್ಲ ಐದು, ಅದಕ್ಕಿಂತ ಹೆಚ್ಚು ಹೇಳುವವರು ದುರ್ಬಲರು ಎಂಬ ಭಾವನೆ. ಒಬ್ಬೊಬ್ಬರೂ ತಮ್ಮ ಫೋನಿನಲ್ಲಿ ಅಥವಾ ಚೀಟಿಯಲ್ಲಿ ಬರೆಯಲಿ. ಹೆಚ್ಚು ಅಂಕ ಬರೆದವಳನ್ನು ಮರುದಿನ ಪಂದ್ಯದಿಂದ ಕೈಬಿಟ್ಟರೆ, ಆಮೇಲೆ ನಿಮಗೆ ಸಿಗುವುದೆಲ್ಲ ಸುಳ್ಳು ಅಂಕಗಳೇ. ಬರೆದದ್ದರಿಂದ ಅವರಿಗೆ ಏನಾದರೂ ಒಳ್ಳೆಯದಾಗಬೇಕು: ಒಂದು ಡ್ರಿಲ್ ಕಡಿಮೆ, ಒಂದು ಸಂಜೆ ಹಗುರ. ಅದು ಕಣ್ಣಿಗೆ ಕಂಡರೆ ಮಾತ್ರ ನಿಜ ಬರೆಯುತ್ತಾರೆ.

ತಂದೆ ದಿನವೂ ಚಿತ್ರ ಕಳಿಸುತ್ತಾರೆ ಎಂದಿರಿ. ಮಗಳ ನಿದ್ರೆ, ನಾಡಿಬಡಿತ ಎಲ್ಲವೂ ಅವಳನ್ನು ಕೇಳದೆ ಬೇರೆಯವರ ಫೋನಿಗೆ ಹೋಗುತ್ತಿವೆ. ಅವಳಿಗೆ ಅದು ಹೇಗನ್ನಿಸುತ್ತದೆ ಎಂದು ಯಾರಾದರೂ ಕೇಳಿದ್ದೀರಾ?

ಇನ್ನೊಂದನ್ನು ನೇರವಾಗಿ ಬರೆಯುತ್ತೇನೆ. ಹೆಣ್ಣುಮಕ್ಕಳಿಗೆ ಮುಟ್ಟು ಮೂರು ತಿಂಗಳು ನಿಂತರೆ, ಅಥವಾ ಹದಿನೈದು ತುಂಬಿದರೂ ಶುರುವಾಗದಿದ್ದರೆ, ಅದು ‘ಆಟದವರಿಗೆ ಮಾಮೂಲು’ ಅಲ್ಲ. ಖರ್ಚು ಮಾಡುವ ಶಕ್ತಿಗೆ ತಕ್ಕ ಆಹಾರ ಸಿಗದಿದ್ದಾಗ ದೇಹ ಮೊದಲು ಉಳಿತಾಯ ಮಾಡುವ ಕಡೆಗಳಲ್ಲಿ ಅದೂ ಒಂದು, ಮೂಳೆಗಳೂ ಅದರಿಂದ ಸೊರಗುತ್ತವೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಿಂದ ಇದರ ಬಗ್ಗೆ ಎಚ್ಚರಿಸುತ್ತಲೇ ಇದೆ. ಪುರುಷ ತರಬೇತುದಾರರು ನೀವೇ ಕೇಳಬೇಕಿಲ್ಲ. ಆದರೆ ಅವಳು ಹೇಳಿಕೊಳ್ಳಬಹುದಾದ ಒಬ್ಬ ಮಹಿಳೆ, ವೈದ್ಯೆಯೋ ಫಿಸಿಯೋವೋ, ತಂಡದ ಹತ್ತಿರ ಇರಬೇಕು.

---

ಹಿಂಬದಿಗೆರೆ

ಎಲ್ಲರಿಗೂ ಧನ್ಯವಾದ. ಚೀಟಿಯ ಪದ್ಧತಿ ಶುರು ಮಾಡಿದ್ದೇನೆ, ಚೀಟಿಗಳನ್ನು ನಾನೊಬ್ಬನೇ ನೋಡುತ್ತೇನೆ. ನೆಟ್‌ಕಾರ್ಡ್ ಮೇಡಂ ಹೇಳಿದ್ದು ನಾಟಿತು. ಗಡಿಯಾರದ ಚಿತ್ರ ಕಳಿಸಬೇಡಿ, ಬೇಕಿದ್ದರೆ ಅವಳೇ ಹೇಳಲಿ ಎಂದು ತಂದೆಯವರಿಗೆ ತಿಳಿಸಿದೆ.

ಒಂದು ವಿಷಯ ಬಹಳ ಆಶ್ಚರ್ಯ ತಂದಿತು. ಮಲ್ಟಿ ಷಟಲ್ (ಒಂದರ ಹಿಂದೊಂದು ಷಟಲ್ ಕೊಟ್ಟು ಬಿಡುವಿಲ್ಲದೆ ಹೊಡೆಸುವ ಡ್ರಿಲ್) ದಿನವನ್ನು ನಾನು ಐದರ ಮಟ್ಟದ ಅಭ್ಯಾಸ ಎಂದು ಯೋಜಿಸಿದ್ದೆ. ಉಳಿದವರು ಐದು, ಆರು ಬರೆದರು. ಅವಳು ಎಂಟು ಬರೆದಳು. ಮರುವಾರ ಅದೇ ಡ್ರಿಲ್‌ಗೆ ಮತ್ತೆ ಎಂಟು. ಗಡಿಯಾರ ಎರಡೂ ದಿನ ಹಸಿರು. ಜಿಗಿತದಲ್ಲಿ ಅವಳದು ಎಲ್ಲರಿಗಿಂತ ಹೆಚ್ಚು ಇಳಿದಿದೆ. ಬೆಳಗಿನ ಪ್ರಶ್ನೆಗಳಲ್ಲಿ ನಿದ್ರೆ, ಮನಸ್ಸು ಎರಡೂ ಚೆನ್ನಾಗಿವೆ, ಸ್ನಾಯು ನೋವಿನ ಅಂಕ ಮಾತ್ರ ಕೆಟ್ಟದ್ದು.

ಚೀಟಿಯ ಹಿಂದೆ ಅವಳೇ ಒಂದು ಸಾಲು ಬರೆದಿದ್ದಳು: ‘ಮೊಣಕಾಲ ಚಿಪ್ಪಿನ ಕೆಳಗೆ ನೋವು. ವಾರ್ಮ್‌ಅಪ್ ಆದ ಮೇಲೆ ಹೋಗುತ್ತದೆ. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಇರುತ್ತದೆ.’ ಬೆರಳಿಟ್ಟು ತೋರಿಸು ಎಂದಾಗ ಒಂದೇ ಜಾಗ ತೋರಿಸಿದಳು. ಈಗ ಹೊರೆ ಎಷ್ಟು ಇಳಿಸಲಿ? ಟೂರ್ನಿಯಿಂದ ಹಿಂದೆ ಸರಿಯಬೇಕೇ?

---

ಎರಡನೇ ಸರ್ವ್

ಒಂದೇ ಬೆರಳಿನಿಂದ ತೋರಿಸಬಹುದಾದ ಜಾಗ, ಬಿಸಿಯಾದ ಮೇಲೆ ಮಾಯವಾಗುವ ನೋವು, ಮರುದಿನ ಬೆಳಿಗ್ಗೆ ಮತ್ತೆ ಹಾಜರ್. ಸ್ನಾಯುರಜ್ಜುವಿನ ತೊಂದರೆ ಇರಬಹುದು. ಈ ವಯಸ್ಸಿಗೆ ಮೂಳೆಯ ಬೆಳವಣಿಗೆಯ ಜಾಗದ ತೊಂದರೆಯೂ ಇರಬಹುದು. ಇಲ್ಲಿ ಕುಳಿತು ಹೇಳುವಂತಿಲ್ಲ, ಈ ವಾರವೇ ಒಬ್ಬ ಫಿಸಿಯೋಗೆ ತೋರಿಸಿ. ಪೂರ್ತಿ ಮಲಗಿಸಬೇಡಿ. ರಜ್ಜುವಿಗೆ ಸಂಪೂರ್ಣ ವಿಶ್ರಾಂತಿ ಕೊಟ್ಟರೆ ನೋವು ಹೋಗುತ್ತದೆ, ಅದರ ತಾಳಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ, ಮರಳಿದ ವಾರವೇ ನೋವು ಮತ್ತೆ ಬರುತ್ತದೆ.

---

ಮೂರನೇ ಗೇಮ್

ಇದು ಇನ್ನು ಹೊರೆಯ ಲೆಕ್ಕದ ಪ್ರಶ್ನೆಯಲ್ಲ, ಮೇಲಿನವರು ಹೇಳಿದಂತೆ ತೋರಿಸಿ. ಟೂರ್ನಿಯ ನಿರ್ಧಾರ ಅದರ ನಂತರ ಮಾಡಿ. ಎರಡು ತಿಂಗಳು ಕಡಿಮೆ ಸಮಯವೇನಲ್ಲ.

ಅಲ್ಲಿಯವರೆಗೆ ಅವಳ ಮಟ್ಟಿಗೆ ಮಲ್ಟಿ ಷಟಲ್‌ನಲ್ಲಿ ನೆಟ್ ಮೂಲೆಗಳನ್ನು ಬಿಟ್ಟುಬಿಡಿ, ಜಂಪ್ ಸ್ಮ್ಯಾಶ್ ಬೇಡ. ಹಿಂದಿನ ಕೋರ್ಟಿನಿಂದ ನಿಂತು ಹೊಡೆಯುವ ಕ್ಲಿಯರ್, ಡ್ರಾಪ್, ಅರ್ಧ ಕೋರ್ಟಿನ ಡ್ರೈವ್, ಸರ್ವ್ ಮಾಡಿಸಿ. ಮರುದಿನ ಬೆಳಿಗ್ಗೆ ಮೆಟ್ಟಿಲಿಳಿಯುವಾಗಿನ ನೋವಿಗೆ ಹತ್ತರಲ್ಲಿ ಎಷ್ಟು ಎಂದು ಅವಳೇ ಬರೆಯಲಿ. ಹಿಂದಿನ ದಿನಕ್ಕಿಂತ ಏರಿದ್ದರೆ ಹಿಂದಿನ ಸಂಜೆಯ ಕೆಲಸ ಹೆಚ್ಚಾಯಿತೆಂದು ಅರ್ಥ, ಸಮನಾಗಿದ್ದರೆ ಅಷ್ಟನ್ನೇ ಮುಂದುವರಿಸಿ. ಅವಳ ಜಿಗಿತದ ಪರೀಕ್ಷೆಯನ್ನೂ ಸದ್ಯಕ್ಕೆ ನಿಲ್ಲಿಸಿ. ಹಾಗೆಯೇ ಉಳಿದವರ ಚೀಟಿಗಳ ಹಿಂಬದಿಯನ್ನೂ ಒಮ್ಮೆ ತಿರುಗಿಸಿ ನೋಡಿ.